ಕಾಲನ್ನು ಹಿಡಿಯುವ ಪೆಡಲು

ಹೋದ ತಿಂಗಳು ಈ ಪುಟದಲ್ಲಿ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುವ ವಿಷಯವನ್ನು ಕುರಿತು ಬರೆದಿದ್ದೆವು. ಈ ತಿಂಗಳು ಕಬ್ಬಿಣದ ಬಾಣಲೆಯನ್ನು ಪಳಗಿಸುವ ವಿಚಾರವನ್ನು ಎತ್ತಿಕೊಳ್ಳಬೇಕೆಂದು ನಮ್ಮ ಸಂಕಲ್ಪವಿದ್ದಿತು. ಆದರೆ ನಾವು ನೆನೆಯುವುದೊಂದು, ಮನೆಯಲ್ಲಿ ನಡೆಯುವುದೊಂದು. ನಮ್ಮ ತಮ್ಮನ ಮಗನು ಯುಗಾದಿಗೆಂದು ಬೆಂಗಳೂರಿನಿಂದ ಬಂದವನು, ಹಬ್ಬದ ಊಟವಾಗಿ ಹಿರಿಯರು ಎಲೆ ಅಡಿಕೆಯ ತಟ್ಟೆಯನ್ನು ಮುಂದಕ್ಕೆಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಒಂದು ವ್ಯಾಜ್ಯವನ್ನು ತಂದು ನಮ್ಮ ಮುಂದಿಟ್ಟನು. ವಾದಿ ಅವನು, ಪ್ರತಿವಾದಿ ಅವನ ತಾಯಿ. ವ್ಯಾಜ್ಯದ ವಿಷಯ, ಅವನ ಬೈಸಿಕಲ್ಲಿಗೆ ಹಾಕಿಸತಕ್ಕ ಒಂದು ಜೊತೆ ಪೆಡಲು. ಬಾಣಲೆಯು ಒಂದು ತಿಂಗಳು ಕಾಯಲಿ.

ಪೆಡಲಿನಂಥ ಅಲ್ಪ ವಸ್ತುವಿನ ಮೇಲೆ ವ್ಯಾಜ್ಯವೇನೆಂದು ವಾಚಕರು ಕೇಳಬಹುದು. ನಮ್ಮ ಕಾಲದಲ್ಲಿ ಪೆಡಲೆಂದರೆ ಎರಡು ರಬ್ಬರಿನ ತುಂಡುಗಳು. ಸವೆದರೆ ಬದಲಾಯಿಸುವುದು, ಸವೆಯದಿದ್ದರೆ ತುಳಿಯುವುದು. ಈ ಹುಡುಗನ ಬೈಸಿಕಲ್ಲಾದರೋ ಓಟದ ಬೈಸಿಕಲ್ಲಿನ ಜಾತಿಯದು. ಅದರ ಪೆಡಲು ಪಾದರಕ್ಷೆಯನ್ನು ಕೆಳಗಿನಿಂದ ಕಚ್ಚಿ ಹಿಡಿಯುತ್ತದೆ. ಅಂಥದರಲ್ಲಿ ಅತ್ಯುತ್ತಮವೆನಿಸಿದ್ದನ್ನು ಕೊಳ್ಳಬೇಕೆಂದು ಅವನ ಹಟ. ಅದರ ಬೆಲೆಯಾದರೋ, ನಾವು ಕೆಲಸಕ್ಕೆ ಸೇರಿದ ಮೊದಲ ವರ್ಷ ಹನ್ನೆರಡು ತಿಂಗಳೂ ಪಡೆದ ಸಂಬಳವನ್ನು ಕೂಡಿಸಿದರೆ ಎಷ್ಟಾಗುತ್ತಿತ್ತೋ ಅಷ್ಟಕ್ಕೆ ಸಮೀಪವಾಗಿದ್ದಿತು. ಅವನ ತಾಯಿಗೆ ಬೆಲೆಯ ಚಿಂತೆಗಿಂತ ಹೆಚ್ಚಿನ ಚಿಂತೆ ಬೇರೊಂದು. ಆಕೆ ಬಾಗಿಲ ಮರೆಯಿಂದಲೇ, “ಭಾವನವರೇ, ಎಮ್ಮೆಗೆ ಹಾಲು ಕರೆಯುವಾಗ ಕಾಲು ಕಟ್ಟುತ್ತಾರೆ. ಮನುಷ್ಯರು ತಾವಾಗಿ ಕಾಲು ಕಟ್ಟಿಕೊಂಡು ಬೀದಿಗೆ ಹೋಗುವುದನ್ನು ನಾನೆಲ್ಲಿಯೂ ಕಾಣೆ. ಇವನಿಗೆ ಹಳೆಯ ಪೆಡಲನ್ನೇ ಹಾಕಿಸಿಬಿಡಿ” ಎಂದಳು. ಹುಡುಗನು, “ದೊಡ್ಡಪ್ಪ, ಬೀಳುವುದು ಅಗ್ಗದ ಪೆಡಲಿನಿಂದ. ಒಳ್ಳೆಯದನ್ನೇ ಕೊಂಡರೆ ಆ ಭಯವಿಲ್ಲ” ಎಂದನು.

ಈ ‘ಬೀಳುವುದು’ ಎಂಬ ಮಾತು ನಮ್ಮ ಎದೆಗೆ ನೇರವಾಗಿ ತಗುಲಿತು. ಅದಕ್ಕೆ ಕಾರಣವನ್ನು ಮುಚ್ಚಿಡದೆ ಹೇಳಿಬಿಡುತ್ತೇವೆ. ಎರಡು ವರ್ಷಗಳ ಹಿಂದೆ ಅವನು ಮೊದಲನೆಯ ಸಲ ಇಂಥ ಪೆಡಲನ್ನು ಕೊಳ್ಳಬೇಕೆಂದಾಗ, ಯಾರೋ ಬಳಸಿ ಬಿಟ್ಟಿದ್ದ ಒಂದು ಜೊತೆಯು ಅಗ್ಗಕ್ಕೆ ಬಂದಿದ್ದಿತು. ‘ಹಳೆಯದಾದರೇನು, ಕಬ್ಬಿಣ ಕಬ್ಬಿಣವೇ, ಅದನ್ನೇ ತೆಗೆದುಕೋ’ ಎಂದು ಅವನಿಗೆ ಹೇಳಿದವರು ನಾವೇ. ಮಿತವ್ಯಯವನ್ನು ಬೋಧಿಸಿದೆವೆಂದು ಮನಸ್ಸಿನಲ್ಲಿ ಹಿಗ್ಗಿದೆವು ಕೂಡ. ಆ ಪೆಡಲಿನ ಜೊತೆಗೇ ಬಂದಿದ್ದ ಕ್ಲೀಟುಗಳು, ಎಂದರೆ ಪಾದರಕ್ಷೆಯ ಅಡಿಗೆ ತಿರುಪಿನಿಂದ ಬಿಗಿಯುವ ಹಲ್ಲೆಗಳು, ಸವೆದು ಅಂಚಿಲ್ಲದಂತಾಗಿದ್ದುವು. ಅದನ್ನು ನೋಡುವ ಕಣ್ಣು ನಮಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಒಂದು ದಿನ ನಾಲ್ಕು ದಾರಿ ಕೂಡುವೆಡೆಯಲ್ಲಿ ಹಸುರು ದೀಪ ಬಂದೊಡನೆ ಅವನು ಎದ್ದು ನಿಂತು ಬಲವಾಗಿ ತುಳಿದನು. ಬಲಗಾಲು ಪೆಡಲಿನಿಂದ ಕಿತ್ತುಕೊಂಡು ಬಂದಿತು. ಬೈಸಿಕಲ್ಲಿನೊಡನೆ ಅವನು ಎಡಮಗ್ಗುಲಿಗೆ ಬಿದ್ದನು. ಹಿಂದಿದ್ದ ಬಸ್ಸಿನ ಚಾಲಕನು ಗಕ್ಕನೆ ನಿಲ್ಲಿಸಿದ್ದರಿಂದ ಉಳಿದನು. ಮಣಿಕಟ್ಟಿನ ಎಲುಬು ಬಿರುಕುಬಿಟ್ಟು ಆರು ವಾರ ಪಟ್ಟಿ ಕಟ್ಟಿಸಿಕೊಂಡಿದ್ದನು. ಬಸ್ಸಿನ ಸಂಗತಿಯನ್ನು ಅವನು ತಾಯಿಗೆ ಹೇಳಲಿಲ್ಲ, ನಮಗೆ ಹೇಳಿದನು. ಹೇಳದಿದ್ದರೆ ನಮ್ಮ ನಿದ್ರೆಗೆ ಒಳ್ಳೆಯದಾಗುತ್ತಿತ್ತು. ಈ ಸಲದ ಪೆಡಲಿನ ಖರ್ಚಿನಲ್ಲಿ ಅರ್ಧವನ್ನು ನಾವು ಕೊಡುವೆವೆಂದು ಒಪ್ಪಿದ್ದು ಆ ಋಣದ ಕಾರಣದಿಂದಲೇ. ಋಣವಿದ್ದವನು ವಿಚಾರಿಸದೆ ಹಣ ಕೊಟ್ಟರೂ ತಪ್ಪು, ವಿಚಾರಿಸದೆ ಬೇಡವೆಂದರೂ ತಪ್ಪು. ಆದುದರಿಂದ ಎಂಟು ದಿನದ ಅವಕಾಶ ಕೇಳಿಕೊಂಡು, ಬಲ್ಲವರನ್ನು ಕೇಳಿ, ಅಂಗಡಿಗಳಲ್ಲಿ ತಿರುಗಿ, ತಯಾರಕರ ಪಟ್ಟಿಗಳನ್ನು ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಮನೆಯಲ್ಲಿ ಇಂಥ ಹುಡುಗನೋ ಹುಡುಗಿಯೋ ಇರುವ ಗೃಹಸ್ಥರಿಗೆ ಇದರಿಂದ ಉಪಯೋಗವಾದೀತು.

ಮೊದಲು ಹೆಸರಿನ ವಿಚಾರ. ಇದನ್ನು ‘ಕ್ಲಿಪ್‌ಲೆಸ್’ ಪೆಡಲೆಂದು ಕರೆಯುತ್ತಾರೆ. ಕ್ಲಿಪ್ಪು ಇಲ್ಲದ್ದು ಎಂದು ಅದರ ಅರ್ಥ. ಕಚ್ಚಿ ಹಿಡಿಯುವುದೇ ಯಾವುದರ ಸ್ವಭಾವವೋ ಅದಕ್ಕೆ ಹಿಡಿಕೆಯಿಲ್ಲದ್ದೆಂದು ಹೆಸರಿಟ್ಟವರು ಯಾರೆಂದು ಎರಡು ದಿನ ತಲೆ ಕೆರೆದುಕೊಂಡೆವು. ಕಡೆಗೆ ತಿಳಿದುದೇನೆಂದರೆ, ಹಿಂದೆ ಓಟದ ಸವಾರರು ಪೆಡಲಿನ ಮುಂಭಾಗಕ್ಕೆ ಲೋಹದ ಒಂದು ಪಂಜರವನ್ನೂ ಅದಕ್ಕೊಂದು ತೊಗಲಿನ ಪಟ್ಟಿಯನ್ನೂ ಹಾಕಿಸಿ, ಅದರೊಳಗೆ ಕಾಲ್ಬೆರಳುಗಳನ್ನು ತೂರಿಸಿ ಪಟ್ಟಿಯನ್ನು ಎಳೆದು ಬಿಗಿದುಕೊಳ್ಳುತ್ತಿದ್ದರು. ಆ ಪಂಜರಕ್ಕೆ ಕ್ಲಿಪ್ಪೆಂದು ಹೆಸರು. ಅದಿಲ್ಲದೆಯೇ ಕಾಲನ್ನು ಹಿಡಿಯುವ ಹೊಸ ಪೆಡಲು ಬಂದಾಗ ಕ್ಲಿಪ್ಪಿಲ್ಲದ ಪೆಡಲೆಂದರು. ಕ್ಲಿಪ್ಪನ್ನು ಜನ ಮರೆತರು, ಹೆಸರು ನಿಂತಿತು. ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ ಪಂಕಜವಾಗದೆ ತಾವರೆಯೊಂದೇ ಪಂಕಜವಾದ ಹಾಗೆ, ಇದೂ ಯೋಗರೂಢಿಯ ಶಬ್ದವೆಂದು ಸಮಾಧಾನಮಾಡಿಕೊಂಡೆವು. ಮೇಷ್ಟರ ಚಾಳಿ ಪಿಂಚಣಿಯಿಂದ ಹೋಗುವುದಿಲ್ಲ, ವಾಚಕರು ಕ್ಷಮಿಸಬೇಕು.

ಇದರ ಪೂರ್ವೇತಿಹಾಸವೂ ಸ್ವಾರಸ್ಯವಾಗಿದೆ. 1971ರಲ್ಲಿಯೇ ಇಟಲಿ ದೇಶದ ಚಿನೆಲ್ಲಿ ಎಂಬವರು ಪಾದರಕ್ಷೆಯನ್ನು ಹಿಡಿಯುವ ಒಂದು ಪೆಡಲನ್ನು ಮಾಡಿದ್ದರು. ಆದರೆ ಅದರಿಂದ ಕಾಲು ಬಿಡಿಸಿಕೊಳ್ಳಬೇಕಾದರೆ ಬಗ್ಗಿ ಕೈಯಿಂದ ಒಂದು ಕೀಲನ್ನು ಸರಿಸಬೇಕಾಗಿತ್ತು. ಬೀಳುವವನಿಗೆ ಬಗ್ಗಲು ಪುರಸತ್ತು ಎಲ್ಲಿಯದು? ಅದು ಹೆಚ್ಚಾಗಿ ಹರಡಲಿಲ್ಲ. ಇದಾದ ಮೇಲೆ ಫ್ರಾನ್ಸಿನ ನೆವೇರ್ ಪಟ್ಟಣದ ಲುಕ್ ಎಂಬ ಸಂಸ್ಥೆಯವರು 1984ರಲ್ಲಿ ಹೊಸ ಪೆಡಲನ್ನು ಹೊರತಂದರು. ಇವರು ಮೊದಲಿನಿಂದಲೂ, ಹಿಮದ ಮೇಲೆ ಜಾರುವವರ ಹಲಗೆಗೆ ಅವರ ಬೂಟನ್ನು ಸೇರಿಸುವ ಕೊಂಡಿಗಳನ್ನು ಮಾಡುತ್ತಿದ್ದವರು. ಜಾರುವವನು ಮುಗ್ಗರಿಸಿದರೆ ಕೊಂಡಿಯು ತಾನಾಗಿ ಬಿಟ್ಟುಕೊಡಬೇಕು, ಇಲ್ಲವಾದರೆ ಕಾಲು ಮುರಿಯುತ್ತದೆ. ಗಟ್ಟಿಯಾಗಿ ಹಿಡಿಯಬೇಕು, ತಿರುಚಿದರೆ ಬಿಡಬೇಕು ಎಂಬ ಆ ವಿದ್ಯೆಯನ್ನೇ ಅವರು ಪೆಡಲಿಗೂ ತಂದರು. ಮರುವರ್ಷ, 1985ರಲ್ಲಿ, ಬರ್ನಾರ್ ಇನೋ ಎಂಬ ಪ್ರಸಿದ್ಧ ಸವಾರನು ಇದೇ ಪೆಡಲನ್ನು ತುಳಿದು ಫ್ರಾನ್ಸ್ ಪ್ರದಕ್ಷಿಣೆಯ ಓಟವನ್ನು ಐದನೆಯ ಸಲ ಗೆದ್ದನು. ಆ ಓಟದಲ್ಲಿ ಅವನು ಬಿದ್ದು ಮೂಗು ಮುರಿದುಕೊಂಡದ್ದೂ ಉಂಟು. ಗೆದ್ದವನ ಪೆಡಲನ್ನು ಯಾರು ಬಿಟ್ಟಾರು? ಕೆಲವು ವರ್ಷಗಳಲ್ಲಿ ಪಂಜರವೂ ತೊಗಲಿನ ಪಟ್ಟಿಯೂ ಓಟಗಳಿಂದ ಮಾಯವಾದುವು. ಜಪಾನಿನ ಶಿಮಾನೊ ಸಂಸ್ಥೆಯವರು ಮೊದಲು ಲುಕ್ ಸಂಸ್ಥೆಯ ಒಪ್ಪಿಗೆ ಪಡೆದು ಅದೇ ಮಾದರಿಯದನ್ನು ಮಾಡಿ, ಅನಂತರ ತಮ್ಮದೇ ಬೇರೆ ಮಾದರಿಯನ್ನು ತಂದರು. ರಸ್ತೆಯ ಬೈಸಿಕಲ್ಲಿಗೆಂದು ಅವರು ಮಾಡುವ ಈ ಜಾತಿಗೆ ಎಸ್‌ಪಿಡಿ-ಎಸ್‌ಎಲ್ ಎಂದು ಹೆಸರು. ನಮ್ಮ ಹುಡುಗನ ಪಾದರಕ್ಷೆಗೆ ಹೊಂದುವುದೂ ಇದೇ.

ಪ್ರಕೃತಕ್ಕೆ ಬರೋಣ. ಕೆಲಸಮಾಡುವ ರೀತಿ ಸುಲಭವಾಗಿದೆ. ಪಾದರಕ್ಷೆಯ ಗಟ್ಟಿ ಅಡಿಗೆ ಮೂರು ತಿರುಪುಗಳಿಂದ ಕ್ಲೀಟನ್ನು ಬಿಗಿದಿರುತ್ತಾರೆ. ಕ್ಲೀಟಿನ ಮೂತಿಯನ್ನು ಪೆಡಲಿನ ಮುಂದಣ ತುಟಿಗೆ ಸಿಕ್ಕಿಸಿ ಹಿಂಭಾಗವನ್ನು ತುಳಿದರೆ, ಹಿಂದಣ ಉಗುರು ಹಿಂದಕ್ಕೆ ಸರಿದು, ಸ್ಪ್ರಿಂಗಿನ ಬಲದಿಂದ ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಮಗ್ಗುಲಿಗೆ ತಿರುಚಬೇಕು. ಮೇಲಕ್ಕೆಳೆದರೆ ಬರುವುದಿಲ್ಲ. ಹೊಸಬರು ಹೆದರಿಕೆಯಲ್ಲಿ ಮೇಲಕ್ಕೇ ಎಳೆಯುತ್ತಾರೆ; ಅದರಿಂದಲೇ ನಿಂತ ಬೈಸಿಕಲ್ಲಿನೊಡನೆ ಕಡಿದ ಬಾಳೆಯಗಿಡದ ಹಾಗೆ ಮಗ್ಗುಲಿಗೆ ಒರಗುತ್ತಾರೆ.

ಶಿಮಾನೊ ಸಂಸ್ಥೆಯವರಲ್ಲಿ ಈ ಪೆಡಲಿಗೆ ಮೂರು ಮುಖ್ಯ ಅಂತಸ್ತುಗಳುಂಟು. ಮೇಲಿನದು ಡ್ಯುರಾ-ಏಸ್, ನಡುವಿನದು ಅಲ್ಟೆಗ್ರಾ, ಅದರ ಕೆಳಗಿನದು 105 ಎಂಬ ಬರಿಯ ಅಂಕಿ. ಇವಕ್ಕೂ ಕೆಳಗೆ ಇನ್ನೂ ಅಗ್ಗದವು ಇವೆ. ಅವುಗಳ ಮಾತು ಈಗ ಬೇಡ. ಮೂರರ ಒಡಲೂ ಇಂಗಾಲದ ನೂಲು ಬೆರೆತ ಗಟ್ಟಿ ಪ್ಲಾಸ್ಟಿಕ್ಕಿನದೇ. ತೂಕವನ್ನು ನೋಡಿದರೆ, ಆರ್9100 ಅಂಕಿತದ ಡ್ಯುರಾ-ಏಸ್ ಒಂದು ಜೊತೆಗೆ ಸುಮಾರು 228 ಗ್ರಾಂ. ಆರ್8000 ಅಂಕಿತದ ಅಲ್ಟೆಗ್ರಾ ಸುಮಾರು 248. ಆರ್7000 ಅಂಕಿತದ 105 ಸುಮಾರು 265. ಬೆಲೆಯಲ್ಲಿ 105ಕ್ಕೆ ಒಂದು ರೂಪಾಯಿಯಾದರೆ ಡ್ಯುರಾ-ಏಸಿಗೆ ಹೆಚ್ಚುಕಡಮೆ ಎರಡು ರೂಪಾಯಿ. ಅಂದರೆ ಎರಡರಷ್ಟು ಹಣ ತೆತ್ತು ನಾವು ಮನೆಗೆ ತರುವುದು 37 ಗ್ರಾಂ ಕಡಮೆಯ ಭಾರವನ್ನು. ಬೇರೆಲ್ಲ ವ್ಯಾಪಾರದಲ್ಲಿಯೂ ಹಣ ಹೆಚ್ಚು ಕೊಟ್ಟರೆ ಸಾಮಾನು ಹೆಚ್ಚು ಬರುತ್ತದೆ. ಇಲ್ಲಿ ಹಣ ಹೆಚ್ಚಿದಷ್ಟೂ ಸಾಮಾನು ಇಳಿಯುತ್ತದೆ. ನಮ್ಮ ಸಹಧರ್ಮಿಣಿಗೆ ಇದನ್ನು ಹೇಳಿದಾಗ ಆಕೆ, “ಚಿನ್ನದ ಅಂಗಡಿಯವರಿಗೆ ಈ ಉಪಾಯ ಹೊಳೆಯದಿರಲಿ” ಎಂದಳು.

ಈ 37 ಗ್ರಾಮಿನ ಫಲವೇನೆಂದು ಲೆಕ್ಕಹಾಕಿದೆವು. ಹುಡುಗನು ತಿಂಗಳಿಗೆರಡು ಸಲ ನಂದಿಬೆಟ್ಟವನ್ನು ಹತ್ತುತ್ತಾನೆ. ಸುಮಾರು 1,478 ಮೀಟರು ಎತ್ತರದ ಆ ಬೆಟ್ಟ ಬೆಂಗಳೂರಿನ ಸವಾರರಿಗೆ ಒಂದು ಪರೀಕ್ಷಾಮಂದಿರವಿದ್ದಂತೆ. ಒಬ್ಬೊಬ್ಬರೂ ತಮ್ಮ ಕಾಲವನ್ನು ನಿಮಿಷ ಸೆಕೆಂಡುಗಳ ಸಮೇತ ಬಾಯಿಪಾಠವಾಗಿ ಹೇಳುತ್ತಾರೆ. ಇವನಿಗೆ ಬುಡದಿಂದ ತುದಿಗೆ 40 ನಿಮಿಷ ಬೇಕು. ಇವನ ಮೈಭಾರ, ಬೈಸಿಕಲ್ಲು, ಬಟ್ಟೆ, ನೀರು ಎಲ್ಲವೂ ಕೂಡಿ 80 ಕಿಲೋಗ್ರಾಂ, ಎಂದರೆ 80,000 ಗ್ರಾಂ. ಅದರಲ್ಲಿ 37 ಗ್ರಾಂ ಎಂದರೆ ಎರಡು ಸಾವಿರದಲ್ಲಿ ಒಂದು ಭಾಗವೂ ಪೂರ್ತಿಯಾಗಲಿಲ್ಲ. ತುಳಿದ ಬಲವೆಲ್ಲವೂ ಭಾರವನ್ನು ಮೇಲಕ್ಕೆ ಎತ್ತುವುದಕ್ಕೇ ವಿನಿಯೋಗವಾಯಿತೆಂದು ಉದಾರವಾಗಿ ಇಟ್ಟುಕೊಂಡರೂ, 40 ನಿಮಿಷದ 2,400 ಸೆಕೆಂಡುಗಳಲ್ಲಿ ಉಳಿಯುವುದು ಒಂದು ಸೆಕೆಂಡು ಮತ್ತು ಅದರ ಹತ್ತನೆಯ ಒಂದು ಭಾಗ. ಬೆಟ್ಟದ ಬುಡದಲ್ಲಿ ಏಳು ಚಮಚ ನೀರನ್ನು ಹೆಚ್ಚಾಗಿ ಕುಡಿಯದೆ ಬಿಟ್ಟರೂ ಇಷ್ಟೇ ಲಾಭವುಂಟು. ಈ ಲೆಕ್ಕವನ್ನು ಹುಡುಗನ ಮುಂದಿಟ್ಟಾಗ ಅವನು ಎರಡು ಸಲ ತಾಳೆನೋಡಿದನು. ತಪ್ಪು ಸಿಕ್ಕಲಿಲ್ಲ. “ಆದರೂ ದೊಡ್ಡಪ್ಪ, ಓಟದಲ್ಲಿ ಒಂದು ಸೆಕೆಂಡಿಗೂ ಬೆಲೆಯಿದೆ” ಎಂದನು. ಇದೆ, ಸಂದೇಹವಿಲ್ಲ. ಆ ಒಂದು ಸೆಕೆಂಡಿಗಾಗಿ ಸಂಬಳ ಪಡೆಯುವವರು ಆ ಪೆಡಲನ್ನು ತುಳಿಯಲಿ. ಅವರಿಗೆ ಅದನ್ನು ಕೊಡುವವರು ಬೇರೆ ಇರುತ್ತಾರೆ.

ಸ್ಪೀಡ್‌ಪ್ಲೇ ಎಂಬ ಇನ್ನೊಂದು ಜಾತಿಯ ಪೆಡಲಿನಲ್ಲಿ ಈ ನ್ಯಾಯವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕಡ್ಡಿಗೆ ಸಿಕ್ಕಿಸಿದ ಮಿಠಾಯಿಯ ಬಿಲ್ಲೆಯಂತೆ ಗುಂಡಾಗಿರುವ, ಎರಡು ಮಗ್ಗುಲೂ ಹಿಡಿಯುವ ಪೆಡಲಿದು. ಅಮೆರಿಕದ ವಾಹೂ ಸಂಸ್ಥೆಯವರು ಇದನ್ನು 2019ರಲ್ಲಿ ಕೊಂಡು 2021ರಲ್ಲಿ ಹೊಸ ರೂಪದಲ್ಲಿ ಹೊರತಂದಾಗ, ಕಾಂಪ್ ಎಂಬುದಕ್ಕೆ ಸುಮಾರು 150 ಡಾಲರು, ಜೀರೋ ಎಂಬುದಕ್ಕೆ 230, ನ್ಯಾನೋ ಎಂಬುದಕ್ಕೆ 450 ಎಂದು ಬೆಲೆಯಿಟ್ಟರು. ತೂಕ ಕ್ರಮವಾಗಿ 232, 222, 168 ಗ್ರಾಂ. ಕಾಂಪನ್ನು ಬಿಟ್ಟು ಜೀರೋವನ್ನು ಹಿಡಿದವನು ಹತ್ತು ಗ್ರಾಮಿಗೆ 80 ಡಾಲರು ಕೊಟ್ಟ ಹಾಗಾಯಿತು. ನ್ಯಾನೋವರೆಗೆ ಹೋದವನು 64 ಗ್ರಾಮಿಗೆ 300 ಡಾಲರು ಕೊಟ್ಟನು. ಆದರೆ ಇಲ್ಲಿ ತೂಕವೊಂದನ್ನೇ ನೋಡಿದರೆ ಅನ್ಯಾಯವಾಗುತ್ತದೆ. ಕಾಂಪಿನ ಅಚ್ಚು ಕ್ರೋಮಿಯಂ ಬೆರೆತ ಉಕ್ಕಿನದು, ಜೀರೋವಿನದು ತುಕ್ಕುಹಿಡಿಯದ ಉಕ್ಕಿನದು, ನ್ಯಾನೋವಿನದು ಟೈಟಾನಿಯಂ. ಕಡಲತೀರದ ಉಪ್ಪುಗಾಳಿಯಲ್ಲಿ, ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹುಯ್ಯುವ ಸೀಮೆಯಲ್ಲಿ ಇರುವವನು ತುಕ್ಕುಹಿಡಿಯದ ಅಚ್ಚಿಗೆ ಹೆಚ್ಚು ಕೊಟ್ಟರೆ ಅವನನ್ನು ದುಂದುಗಾರನೆನ್ನಲಾಗದು. ಟೈಟಾನಿಯಮ್ಮಿನ ವಿಷಯ ಬೇರೆ. ಇಂಥ ಅಚ್ಚಿಗೆ ಸವಾರನ ಮೈತೂಕದ ಮಿತಿಯನ್ನು ವಿಧಿಸಿರುವ ತಯಾರಕರುಂಟು. ಸ್ಥೂಲಕಾಯದವರು ಹೆಚ್ಚು ಹಣ ಕೊಟ್ಟು ಕಡಮೆ ಬಲದ್ದನ್ನು ತಂದಂತಾಗಬಾರದು. ಕೊಳ್ಳುವ ಮೊದಲು ಆ ಸಣ್ಣ ಅಕ್ಷರಗಳನ್ನು ಓದತಕ್ಕದ್ದು.

ಬೆಲೆ ಏರಿದಂತೆಲ್ಲ ಗುಣ ಏರುವುದೆಂಬ ನಂಬಿಕೆಗೆ ವಿರುದ್ಧವಾದ ಇನ್ನೊಂದು ದೃಷ್ಟಾಂತ ಲುಕ್ ಸಂಸ್ಥೆಯವರಲ್ಲಿಯೇ ಇದೆ. ಅವರ ಕೆಯೋ ಪೆಡಲುಗಳಲ್ಲಿ ಕಡಮೆ ಬೆಲೆಯ ಕ್ಲಾಸಿಕ್ ಎಂಬುದರಲ್ಲಿ ಸುರುಳಿ ಸ್ಪ್ರಿಂಗು; ಒಂದು ಸಣ್ಣ ತಿರುಪನ್ನು ತಿರುಗಿಸಿ ಹಿಡಿತವನ್ನು ಬಿಗಿಮಾಡಬಹುದು, ಸಡಿಲಿಸಬಹುದು. ಹೆಚ್ಚು ಬೆಲೆಯ ಬ್ಲೇಡ್ ಎಂಬುದರಲ್ಲಿ ಸುರುಳಿಯ ಬದಲು ಇಂಗಾಲದ ನೂಲಿನ ಒಂದು ಪಟ್ಟೆ ಇರುತ್ತದೆ. ಹಗುರ, ನೋಡಲು ಚೆಂದ, ತುಳಿಯುವ ಮೈ ಅಗಲ. ಆದರೆ ಹಿಡಿತವನ್ನು ಬದಲಾಯಿಸಬೇಕಾದರೆ ಪಟ್ಟೆಯನ್ನೇ ತೆಗೆದು ಬೇರೊಂದನ್ನು ಹಾಕಬೇಕು. ಪಳಗಿದವನಿಗೆ ಇದು ದೋಷವಲ್ಲ, ಒಂದು ಸಲ ಗೊತ್ತುಮಾಡಿಕೊಂಡರೆ ಮುಗಿಯಿತು. ಕಲಿಯುವವನಿಗಾದರೋ ಇಂದು ಸಡಿಲ ಬೇಕು, ಮುಂದಿನ ತಿಂಗಳು ಅರ್ಧ ಸುತ್ತು ಬಿಗಿ ಬೇಕು. ಅವನಿಗೆ ಅಗ್ಗದ ತಿರುಪೇ ಮೇಲು.

ಹಾಗಾದರೆ ಮೇಲಿನ ಅಂತಸ್ತಿನಲ್ಲಿ ಸಾರವೇ ಇಲ್ಲವೇ? ಇದೆ. ಡ್ಯುರಾ-ಏಸನ್ನೂ 105ನ್ನೂ ಎರಡು ಕೈಯಲ್ಲಿ ಹಿಡಿದು ಅಚ್ಚನ್ನು ಬೆರಳಿನಿಂದ ತಿರುಗಿಸಿ ನೋಡಿದೆವು. ಮೇಲಿನದು ಬೆಣ್ಣೆಯಲ್ಲಿ ತಿರುಗುವ ಹಾಗೆ ತಿರುಗಿತು. 105 ಕೂಡ ಚೆನ್ನಾಗಿಯೇ ತಿರುಗಿತು, ಆದರೆ ಬೆಣ್ಣೆಯೆನ್ನಲಾರೆವು. ಕೆಲಸದ ನಯ, ಹೊಳಪು, ಸಂದುಗಳ ಕೂಡಿಕೆ ಮೇಲಿನದರಲ್ಲಿ ಹೆಚ್ಚೆಂಬುದು ಕಣ್ಣಿಗೆ ಕಾಣುತ್ತದೆ. ನಿಜವಾದ ಪ್ರಯೋಜನ ಮಾತ್ರ ಬೇರೊಂದು ಕಡೆ ಇದೆ, ಅದನ್ನು ಅಂಗಡಿಯವರು ನಾವಾಗಿ ಕೇಳುವವರೆಗೂ ಹೇಳಲಿಲ್ಲ. ಡ್ಯುರಾ-ಏಸಿನಲ್ಲಿಯೂ ಅಲ್ಟೆಗ್ರಾದಲ್ಲಿಯೂ ಸಾಧಾರಣಕ್ಕಿಂತ 4 ಮಿಲಿಮೀಟರು ಉದ್ದವಾದ ಅಚ್ಚಿನ ಪೆಡಲು ದೊರೆಯುತ್ತದೆ, 105ರಲ್ಲಿ ಅದಿಲ್ಲ. ಕಾಲು ಸ್ವಲ್ಪ ಅಗಲವಾಗಿಟ್ಟು ನಡೆಯುವವರು, ಪಾದ ಹೊರಕ್ಕೆ ತಿರುಗಿರುವವರು, ತುಳಿಯುವಾಗ ಹಿಮ್ಮಡಿಯು ಕ್ರ್ಯಾಂಕಿಗೆ ಉಜ್ಜುವವರು, ಇವರಿಗೆ ಈ 4 ಮಿಲಿಮೀಟರು ಆ 37 ಗ್ರಾಮಿಗಿಂತ ನೂರುಪಾಲು ಹೆಚ್ಚಿನದು. ಅಂಥವರು ಅಲ್ಟೆಗ್ರಾವನ್ನು ಕೊಂಡರೆ ನಾವು ಹೌದೆನ್ನುತ್ತೇವೆ. ಹುಡುಗನನ್ನು ಹಿತ್ತಲಿನ ಒದ್ದೆ ಮಣ್ಣಿನಲ್ಲಿ ನಡೆಸಿ ಹೆಜ್ಜೆಯ ಗುರುತನ್ನು ನೋಡಿದೆವು. ಅವನ ಪಾದ ನೇರವಾಗಿದೆ.

ಇನ್ನು ಅಂತಸ್ತು ಬದಲಾದರೂ ಬದಲಾಗದ ವಸ್ತುವೊಂದಿದೆ. ಕ್ಲೀಟು. ಡ್ಯುರಾ-ಏಸಿಗೂ 105ಕ್ಕೂ ಕ್ಲೀಟು ಒಂದೇ. ಪೆಡಲಿಗೂ ಪಾದಕ್ಕೂ ನಡುವೆ ಇರುವುದು, ಹಿಡಿಯುವುದು, ಬಿಡುವುದು, ಸವೆಯುವುದು ಅದು. ಹುಡುಗನನ್ನು ಎರಡು ವರ್ಷದ ಹಿಂದೆ ಕೆಡವಿದ್ದೂ ಅದೇ. ಪೆಡಲು ಎಷ್ಟು ಉತ್ತಮವಾದದ್ದಾಗಿದ್ದರೂ, ಹಲ್ಲೆಯ ಅಂಚು ಹೋಗಿದ್ದರೆ ಹಿಡಿಯುವುದಾದರೂ ಏನನ್ನು? ಒಳ್ಳೆಯದನ್ನು ಕೊಂಡರೆ ಬೀಳುವುದಿಲ್ಲವೆಂಬ ಹುಡುಗನ ವಾದ ಇಲ್ಲಿಗೆ ಬಿದ್ದಿತು. ಹಳೆಯದಾದರೇನೆಂಬ ನಮ್ಮ ಎರಡು ವರ್ಷದ ಹಿಂದಿನ ವಾದವೂ ಅದರ ಪಕ್ಕದಲ್ಲಿಯೇ ಬಿದ್ದಿತು.

ಕ್ಲೀಟಿನಲ್ಲಿ ಬಣ್ಣಗಳುಂಟು, ಅವನ್ನು ಅಲಂಕಾರವೆಂದು ತಿಳಿಯಬಾರದು. ಕಾಲು ಹಿಡಿತದಲ್ಲಿರುವಾಗಲೇ ಹಿಮ್ಮಡಿಯು ಅತ್ತಿತ್ತ ಎಷ್ಟು ಅಲುಗಬಹುದೆಂಬುದನ್ನು ಬಣ್ಣ ಹೇಳುತ್ತದೆ. ಶಿಮಾನೊ ಸಂಸ್ಥೆಯವರ ಹಳದಿಯಲ್ಲಿ 6 ಡಿಗ್ರಿ, ನೀಲಿಯಲ್ಲಿ 2 ಡಿಗ್ರಿ, ಕೆಂಪಿನಲ್ಲಿ ಸೊನ್ನೆ. ಲುಕ್ ಕೆಯೋದಲ್ಲಿ ಕೆಂಪಿಗೆ 9 ಡಿಗ್ರಿ, ಬೂದುಬಣ್ಣಕ್ಕೆ ನಾಲ್ಕೂವರೆ, ಕರಿಯದಕ್ಕೆ ಸೊನ್ನೆ. ವಾಚಕರು ಗಮನಿಸಿರಬೇಕು: ಒಬ್ಬರ ಕೆಂಪು ಎಲ್ಲಕ್ಕಿಂತ ಸಡಿಲ, ಇನ್ನೊಬ್ಬರ ಕೆಂಪು ಅಲುಗದ ಬಿಗಿ. ಒಬ್ಬ ತಯಾರಕರ ಕ್ಲೀಟು ಇನ್ನೊಬ್ಬರ ಪೆಡಲಿಗೆ ಕೂಡುವುದೂ ಇಲ್ಲ. ಗೆಳೆಯನ ಬಾಯಿಮಾತನ್ನು ಕೇಳಿ ‘ಕೆಂಪು ಕೊಡಿ’ ಎನ್ನುವವನು ಮೊಣಕಾಲಿನ ನೋವನ್ನು ಹಣಕೊಟ್ಟು ತಂದಾನು. ಮೊಣಕಾಲು ಒಂದು ಗಂಟೆಗೆ ಐದು ಸಾವಿರ ಸಲ ಮಡಿಸಿ ಬಿಚ್ಚುವ ಕೀಲು. ಅದಕ್ಕೆ ತನ್ನ ದಾರಿಯಲ್ಲಿ ಓಡಾಡಲು ಕೊಂಚ ಎಡೆ ಬೇಕು. ಹೊಸಬರಿಗೆ ಹಳದಿಯೇ ಕ್ಷೇಮವೆಂದು ನಾವು ಕೇಳಿದವರೆಲ್ಲರೂ ಒಂದೇ ಮಾತಾಗಿ ಹೇಳಿದರು. ಕ್ಲೀಟನ್ನು ಪಾದರಕ್ಷೆಗೆ ಯಾವ ಕೋನದಲ್ಲಿ, ಎಷ್ಟು ಹಿಂದಕ್ಕೆ ಬಿಗಿಯಬೇಕೆಂಬುದನ್ನು ಬಲ್ಲವರಿಂದ ಮಾಡಿಸಿಕೊಳ್ಳುವುದು ಪೆಡಲಿನ ಅಂತಸ್ತಿಗಿಂತ ಮುಖ್ಯ.

ಗೃಹಿಣಿಯರಿಗೂ ಒಂದು ಮಾತು. ಈ ಕ್ಲೀಟು ಪ್ಲಾಸ್ಟಿಕ್ಕಿನದು. ಕೆಂಪು ಗಾರೆಯ ನೆಲದ ಮೇಲೆ ಇದನ್ನು ತೊಟ್ಟು ನಡೆದವನು ಜಾರುತ್ತಾನೆ. ಬೀದಿಯಲ್ಲಿ ನಡೆದರೆ ಕ್ಲೀಟು ಸವೆಯುತ್ತದೆ. ಶಿಮಾನೊ ಕ್ಲೀಟಿನ ಅಡಿಯ ಮೂಲೆಗಳಲ್ಲಿ ಬಣ್ಣದ ಮೆತ್ತೆಗಳಿವೆ; ಆ ಬಣ್ಣ ಸವೆದು ಅದರ ಒಳಪದರ ಕಾಣಿಸಿದರೆ ಬದಲಾಯಿಸಬೇಕೆಂದು ಅರ್ಥ. ಇದನ್ನು ನೋಡಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಪಾದರಕ್ಷೆಯನ್ನು ಹೊರಗೆ ಒಣಗಿಸಲಿಡುವ ತಾಯಿಯೇ ಮಗುಚಿ ನೋಡಬಹುದು. ಇದನ್ನು ಕೇಳಿದ ಮೇಲೆ ನಮ್ಮ ನಾದಿನಿಯ ಪಟ್ಟು ಮೊದಲ ಸಲ ಸ್ವಲ್ಪ ಸಡಿಲವಾಯಿತೆಂದು ತೋರುತ್ತದೆ. ತಾನು ನೋಡಬಹುದಾದ ಅಪಾಯಕ್ಕೆ ಮನುಷ್ಯರು ಅಷ್ಟಾಗಿ ಹೆದರುವುದಿಲ್ಲ.

ಪೆಡಲನ್ನು ಕೂಡಿಸುವ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಎಡಗಡೆಯ ಪೆಡಲಿನ ಮರೆ ತಿರುವುಮುರುವು. ಬಿಚ್ಚುವಾಗ ಪ್ರದಕ್ಷಿಣವಾಗಿ ತಿರುಗಿಸಬೇಕು. ಇದನ್ನು ಮರೆತು ಬಲಪ್ರಯೋಗ ಮಾಡಿದವರು ಕ್ರ್ಯಾಂಕನ್ನೇ ಕೆಡಿಸಿದ್ದುಂಟು. ಮರೆಗೆ ತೆಳ್ಳಗೆ ಗ್ರೀಸು ಹಚ್ಚಿ ಮೊದಲು ಕೈಯಿಂದಲೇ ತಿರುಗಿಸಿ ಕೂಡಿಸತಕ್ಕದ್ದು. ಅದು 105 ಆದರೂ ಸರಿಯೆ, ಡ್ಯುರಾ-ಏಸ್ ಆದರೂ ಸರಿಯೆ.

ಎಂಟನೆಯ ದಿನ ತೀರ್ಪು ಹೇಳಿದೆವು. ಹೊಸ 105 ಒಂದು ಜೊತೆ. ಹಳದಿ ಕ್ಲೀಟು, ಪೆಡಲಿನೊಡನೆ ಬಂದದ್ದಲ್ಲದೆ ಇನ್ನೆರಡು ಜೊತೆ. ಕಾಲಿಗೆ ಸರಿಯಾಗಿ ಕೂಡದ ಹಳೆಯ ಪಾದರಕ್ಷೆಯ ಬದಲು ಹೊಸದು. ಕ್ಲೀಟನ್ನು ಅಳತೆಮಾಡಿ ಬಿಗಿಯುವವನ ಕೂಲಿ. ಇಷ್ಟೆಲ್ಲ ಕೂಡಿದರೂ ಮೊತ್ತ ಡ್ಯುರಾ-ಏಸಿನ ಒಂದು ಜೊತೆಗಿಂತ ಅಷ್ಟೇನೂ ಮೀರಲಿಲ್ಲ. ಹುಡುಗನು ಮುಖ ಚಿಕ್ಕದು ಮಾಡಿಕೊಂಡನು. ಗೆಳೆಯರ ನಡುವೆ ಆ ಹೊಳೆಯುವ ಹೆಸರಿಗೆ ಇರುವ ಗೌರವವನ್ನು ನಾವು ಅರಿಯೆವೆಂದಲ್ಲ. ನಾವೂ ಒಂದು ಕಾಲದಲ್ಲಿ, ಹತ್ತು ರೂಪಾಯಿಯ ಪೆನ್ನು ಚೆನ್ನಾಗಿ ಬರೆಯುತ್ತಿದ್ದರೂ ಚಿನ್ನದ ಮೂತಿಯ ಪೆನ್ನಿಗಾಗಿ ಮೂರು ತಿಂಗಳು ಕಾಫಿ ಬಿಟ್ಟವರು. ಆ ಪೆನ್ನಿನಿಂದ ನಮ್ಮ ಅಕ್ಷರವೇನೂ ದುಂಡಗಾಗಲಿಲ್ಲ, ಆದರೆ ಜೇಬಿನಲ್ಲಿ ಅದಿದ್ದಾಗ ನಡಿಗೆ ಬೇರೆಯಾಗಿತ್ತು. ಇದನ್ನು ಅವನಿಗೆ ಹೇಳಿ, ನಿನ್ನ ಹಣದಿಂದ ಮುಂದೊಂದು ದಿನ ಅದನ್ನೂ ಕೊಂಡುಕೋ, ನಾವು ಬೇಡವೆನ್ನುವುದಿಲ್ಲ. ನಮ್ಮ ಹಣ ಮಾತ್ರ ನಿನ್ನ ಮಣಿಕಟ್ಟಿಗಾಗಿ, ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಡಗೈಯ ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡು, ಒಪ್ಪಿದನು.

ಒಂದು ನಿಬಂಧನೆಯನ್ನು ಸೇರಿಸಿದ್ದೆವು. ಬೀದಿಗಿಳಿಯುವ ಮೊದಲು ಮನೆಯಲ್ಲಿ ಅಭ್ಯಾಸ ಮಾಡಬೇಕು, ಅದೂ ತಾಯಿಯ ಎದುರಿಗೆ. ಹೋದ ಭಾನುವಾರ ಅವನು ಬೈಸಿಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದನು. ಜಗಲಿಯ ಕೆಳಗೆ ಬೈಸಿಕಲ್ಲನ್ನು ನಿಲ್ಲಿಸಿ, ಒಂದು ಕೈಯಲ್ಲಿ ಕಂಬವನ್ನು ಹಿಡಿದು, ಏರಿ ಕುಳಿತು, ಸ್ಪ್ರಿಂಗನ್ನು ಎಷ್ಟು ಸಡಿಲಿಸಬಹುದೋ ಅಷ್ಟೂ ಸಡಿಲಿಸಿ, ಒಂದೊಂದು ಕಾಲಿಗೆ ಐವತ್ತು ಸಲ ಸಿಕ್ಕಿಸುವುದು, ಬಿಡಿಸುವುದು. ನಮ್ಮ ನಾದಿನಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತು ಎಣಿಸುತ್ತಿದ್ದಳು. ಬಲಗಾಲು ಐವತ್ತಕ್ಕೆ ಐವತ್ತೂ ಬಿಡಿಸಿಕೊಂಡಿತು. ಎಡಗಾಲು ಮೂವತ್ತೇಳನೆಯ ಸಲ ತಡೆಯಿತು. ಅವನು ಮೇಲಕ್ಕೆಳೆದನು, ಬೈಸಿಕಲ್ಲು ವಾಲಿತು, ಆಕೆ ಹುಣಸೆಯ ಕೈಯಲ್ಲಿಯೇ ಎದ್ದು ಬಂದು ಅವನ ಭುಜವನ್ನು ಹಿಡಿದಳು. “ಎಳೆಯಬೇಡವೋ, ಹಿಮ್ಮಡಿ ತಿರುಗಿಸು ಎಂದು ದೊಡ್ಡಪ್ಪ ಹೇಳಲಿಲ್ಲವೇ?” ಎಂದು ಗದರಿದಳು. ಅವನು ತಿರುಗಿಸಿದನು, ಬಂದಿತು. ಆಕೆ ಹಿಂದಕ್ಕೆ ಹೋಗಿ ಮೊರದ ಮುಂದೆ ಕುಳಿತು, ಆ ಮೂವತ್ತೇಳನ್ನು ಲೆಕ್ಕಕ್ಕೆ ಸೇರಿಸದೆ ಮತ್ತೆ ಒಂದರಿಂದ ಎಣಿಸತೊಡಗಿದಳು.